ಕಂಕುಳಿನಲ್ಲಿ ಗಂಟು, ಜೊತೆಗೆ ಬಿಡದ ಜ್ವರ: ಮೊದಲು ಎಲ್ಲಿ ನೋಡಬೇಕು?

ಪ್ರಶ್ನೆ: ನನಗೆ 41 ವರ್ಷ. ನಾಪೋಕ್ಲು ಸಮೀಪದ ಹಳ್ಳಿಯೊಂದರಲ್ಲಿ ನಮ್ಮದು ಸಣ್ಣ ಕಾಫಿ ತೋಟ. ಎರಡು ವಾರದ ಹಿಂದೆ, ಕೊಯ್ಲಿಗೆ ಮುಂಚೆ ತೋಡಿನ ಬದಿಯ ಕಳೆ ತೆಗೆಸುವಾಗ, ಕೆಲಸದವರ ಜೊತೆ ನಾನೂ ಇದ್ದೆ. ಅಂದು ಹಾಲುವಾಣದ ಮುಳ್ಳು ಬಲಗೈ ತೋರುಬೆರಳಿಗೆ ಚುಚ್ಚಿತ್ತು, ಆಗಲೇ ತೆಗೆದುಹಾಕಿದೆ. ಈಗ ಆರು ದಿನದಿಂದ 101–102 ಡಿಗ್ರಿ ಜ್ವರ, ತಲೆನೋವು, ಮೈಕೈ ನೋವು. ನಾಲ್ಕು ದಿನದಿಂದ ಬಲಗಂಕುಳಿನಲ್ಲಿ ಅಡಿಕೆ ಗಾತ್ರದ ಗಂಟು ಎದ್ದಿದೆ, ಮುಟ್ಟಿದರೆ ನೋಯುತ್ತದೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಅಮಾಕ್ಸಿಸಿಲಿನ್ ಮೂರು ದಿನ ತೆಗೆದುಕೊಂಡೆ, ಗುಣ ಕಾಣಲಿಲ್ಲ. ಅತ್ತೆಯವರು ಸುಣ್ಣ-ಬೆಲ್ಲದ ಪಟ್ಟು ಹಾಕುತ್ತಿದ್ದಾರೆ. ಮನೆಯಲ್ಲಿ ಬೆಕ್ಕಿನ ಮರಿಗಳಿವೆ. ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು, ನನಗೂ ಅದೇ ಭಯ. ಇದು ಏನಿರಬಹುದು? ಮನೆಯವರಿಗೆ ಅಂಟುತ್ತದೆಯೇ?

ಉತ್ತರ: ಆರು ದಿನವಾದರೂ ಬಿಡದ ಜ್ವರ, ಅದರ ಜೊತೆಗೆ ಕಂಕುಳಿನಲ್ಲಿ ನೋಯುವ ಗಂಟು ಎಂದಮೇಲೆ, ಇನ್ನೊಂದು ಬಗೆಯ ಮಾತ್ರೆ ತರಿಸದೆ ಇಂದು ಅಥವಾ ತಪ್ಪಿದರೆ ನಾಳೆ ಬೆಳಿಗ್ಗೆ ವೈದ್ಯರ ಬಳಿಗೆ ಹೋಗಿ ಮೈ ತೋರಿಸಿ ಪರೀಕ್ಷೆ ಮಾಡಿಸಿಕೊಳ್ಳಿ. ಪತ್ರ ನೋಡಿ ಇಂಥದೇ ಕಾಯಿಲೆ ಎಂದು ಹೇಳಲು ಯಾವ ವೈದ್ಯರಿಂದಲೂ ಆಗದು. ಆದರೆ ನೀವು ಬರೆದಿರುವ ವಿವರಗಳು ಸಾಧ್ಯತೆಗಳನ್ನು ಒಂದು ಕ್ರಮದಲ್ಲಿ ಇಡಲು ಸಾಕಷ್ಟಿವೆ. ನಿಮ್ಮ ಮನಸ್ಸಿನಲ್ಲಿ ಮೊದಲ ಸ್ಥಾನದಲ್ಲಿರುವ ಕ್ಯಾನ್ಸರ್ ನನ್ನ ಕ್ರಮದಲ್ಲಿ ಬಹಳ ಕೆಳಗಿದೆ. ನೀವು ಹೆಸರಿಸದೇ ಇರುವ ಒಂದು ಜ್ವರ ಮೇಲಿದೆ. ಅದರ ವಿಚಾರಕ್ಕೆ ಬರುವ ಮೊದಲು ಗಂಟು ಏಕೆ ಏಳುತ್ತದೆ ಎಂಬುದನ್ನು ಹೇಳಬೇಕು.

ಪ್ರತಿ ಕಂಕುಳಿನಲ್ಲೂ ಇಪ್ಪತ್ತಕ್ಕಿಂತ ಹೆಚ್ಚು ದುಗ್ಧರಸ ಗ್ರಂಥಿಗಳಿರುತ್ತವೆ (ದುಗ್ಧರಸ ಎಂದರೆ ದೇಹದ ಅಂಗಾಂಶಗಳಿಂದ ಹರಿದುಬರುವ ತಿಳಿ ದ್ರವ, ಲಿಂಫ್). ಆರೋಗ್ಯವಾಗಿರುವಾಗ ಅವು ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗಿಂತ ಚಿಕ್ಕವು, ಮೆತ್ತಗಿರುತ್ತವೆ, ಕೈಗೆ ಸಿಗುವುದೇ ಕಡಿಮೆ. ಬೆರಳ ತುದಿಯಿಂದ ಭುಜದವರೆಗಿನ ಇಡೀ ತೋಳು, ಅದೇ ಬದಿಯ ಸ್ತನ, ಎದೆಯ ಹೊರಭಾಗ, ಬೆನ್ನಿನ ಮೇಲ್ಭಾಗ, ಹೊಕ್ಕುಳಿನಿಂದ ಮೇಲಿನ ಹೊಟ್ಟೆಯ ಚರ್ಮ, ಇಷ್ಟು ಜಾಗದ ದುಗ್ಧರಸ ಈ ಗ್ರಂಥಿಗಳ ಮೂಲಕವೇ ಹಾದುಹೋಗುತ್ತದೆ. ಆ ಪ್ರದೇಶದಲ್ಲಿ ಎಲ್ಲಿಯಾದರೂ ಸೋಂಕು ಹೊಕ್ಕರೆ ಗ್ರಂಥಿಯೊಳಗಿನ ರಕ್ಷಕ ಕೋಶಗಳು ಸಂಖ್ಯೆಯಲ್ಲಿ ಹೆಚ್ಚಿ, ಗ್ರಂಥಿ ಊದಿ, ಅದರ ಹೊದಿಕೆ ಎಳೆದಂತಾಗಿ ನೋಯುತ್ತದೆ. ಆದ್ದರಿಂದ ಕಂಕುಳಿನ ಗಂಟು ಹೆಚ್ಚಿನ ಸಂದರ್ಭಗಳಲ್ಲಿ ತಾನೇ ಒಂದು ಕಾಯಿಲೆಯಲ್ಲ, ಕಾಯಿಲೆ ಇನ್ನೆಲ್ಲೋ ಇದೆ ಎನ್ನುವುದರ ಗುರುತು. ಗಂಟನ್ನೇ ಪದೇಪದೇ ಒತ್ತಿ ನೋಡುವುದರಿಂದ ತಿಳಿಯುವುದು ಕಡಿಮೆ. ಅದು ಕಾಯುವ ಅಷ್ಟೂ ಪ್ರದೇಶವನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ.

ಈ ನೋಡುವ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಕೋಣೆಯ ಬಾಗಿಲು ಹಾಕಿಕೊಂಡು, ಮೊದಲು ಪಟ್ಟು ಹಾಕಿದ ಸುಣ್ಣ-ಬೆಲ್ಲವನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆದುಬಿಡಿ, ಏಕೆಂದರೆ ಅದರ ಕೆಳಗೆ ಏನಿದೆ ಎಂಬುದೇ ಈಗ ಮುಖ್ಯ. ಮನೆಯವರೊಬ್ಬರು ಟಾರ್ಚ್ ಹಿಡಿಯಲಿ. ಕೈಯನ್ನು ತಲೆಯ ಮೇಲಕ್ಕೆತ್ತಿ ಕಂಕುಳಿನ ಮಡಿಕೆಗಳನ್ನು ಬಿಡಿಸಿ ನೋಡಬೇಕು, ಕೂದಲಿದ್ದರೆ ಸರಿಸಿ ನೋಡಬೇಕು. ನಂತರ ಬೆರಳುಗಳ ಸಂದು, ಉಗುರಿನ ಅಂಚು, ಮೊಣಕೈಯ ಒಳಬದಿ, ಸ್ತನದ ಕೆಳಗಿನ ಮಡಿಕೆ, ಒಳಉಡುಪಿನ ಪಟ್ಟಿ ಒತ್ತುವ ಜಾಗ, ಬೆನ್ನು, ಅಷ್ಟನ್ನೂ ನೋಡಿ. ಸೊಂಟದಲ್ಲಿ ಲಂಗದ ಲಾಡಿ ಕಟ್ಟುವ ಜಾಗ, ತೊಡೆಸಂದು, ಮಂಡಿಯ ಹಿಂಭಾಗಗಳನ್ನೂ ಬಿಡಬೇಡಿ. ಇವು ಕಂಕುಳಿನ ಗ್ರಂಥಿಯ ವ್ಯಾಪ್ತಿಗೆ ಸೇರಿದವಲ್ಲ, ಆದರೂ ನೋಡಲೇಬೇಕು, ಏಕೆಂದು ಮುಂದೆ ಹೇಳುತ್ತೇನೆ. ನೋಡುವಾಗ ಕೈ ಮೇಲಿರಬೇಕು, ಮುಟ್ಟಿ ಪರೀಕ್ಷಿಸುವಾಗ ಕೈ ಕೆಳಗಿರಬೇಕು. ತೋಳನ್ನು ಸಡಿಲವಾಗಿ ಇಳಿಬಿಟ್ಟು, ಇನ್ನೊಂದು ಕೈಯ ಬೆರಳುಗಳನ್ನು ಕಂಕುಳಿನ ಮೇಲ್ತುದಿಗೆ ಒಯ್ದು, ಪಕ್ಕೆಲುಬಿನ ಮೇಲೆ ಮೆಲ್ಲಗೆ ಒತ್ತಿ ಕೆಳಗೆ ಜಾರಿಸಿದರೆ ಗಂಟಿನ ಗಾತ್ರ, ಮೆದುತನ, ಅದು ಅಲುಗಾಡುತ್ತದೆಯೇ ಅಥವಾ ಅಂಟಿಕೊಂಡಿದೆಯೇ ಎಂಬುದು ಗೊತ್ತಾಗುತ್ತದೆ.

ಗಂಟು ಗ್ರಂಥಿಯದೋ ಅಥವಾ ಚರ್ಮದ್ದೋ ಎಂಬುದನ್ನೂ ಇಲ್ಲಿಯೇ ನಿರ್ಧರಿಸಬಹುದು. ಗಂಟಿನ ಮೇಲಿನ ಚರ್ಮ ಬೆರಳುಗಳ ನಡುವೆ ಸಲೀಸಾಗಿ ಸರಿದಾಡಿ, ಗಂಟು ಅದರ ಅಡಿಯಲ್ಲಿ ಬೇರೆಯಾಗಿ ಸಿಕ್ಕರೆ ಅದು ಗ್ರಂಥಿ. ಚರ್ಮವೇ ಕೆಂಪಾಗಿ, ಬಿಸಿಯಾಗಿ, ಗಂಟಿನೊಡನೆ ಒಂದಾಗಿ, ನಡುವೆ ಮೊನೆ ಕಟ್ಟಿದ್ದರೆ ಅದು ಕುರು. ಕೂದಲು ತೆಗೆದ ಮೇಲೆ ಏಳುವ ಕುರುಗಳು ಸಾಮಾನ್ಯ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ಎರಡೂ ಕಂಕುಳಿನಲ್ಲಿ, ತೊಡೆಸಂದಿನಲ್ಲಿ, ತಿಂಗಳುಗಟ್ಟಲೆ ಒಂದಾದಮೇಲೊಂದು ಗಂಟು ಎದ್ದು ಒಡೆದು ಕಲೆ ಉಳಿಸಿಹೋಗುತ್ತಿದ್ದರೆ ಅದು ಹೈಡ್ರಾಡಿನೈಟಿಸ್ ಎಂಬ ಬೇರೆಯೇ ಕಾಯಿಲೆ. ಅದಕ್ಕೆ ಚರ್ಮರೋಗ ತಜ್ಞರ ದೀರ್ಘ ಚಿಕಿತ್ಸೆ ಬೇಕು. ನಿಮ್ಮದು ಹೊಸದಾಗಿ ಎದ್ದ ಒಂಟಿ ಗಂಟು, ಅದಕ್ಕೂ ಎರಡು ದಿನ ಮೊದಲೇ ಜ್ವರ ಬಂದಿದೆ. ಕುರುವಿನಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧ, ಮೊದಲು ನೋವು ಮತ್ತು ಊತ, ಕೀವು ಕಟ್ಟುವ ಹೊತ್ತಿಗೆ ಜ್ವರ.

ಮುಳ್ಳಿನ ವಿಚಾರಕ್ಕೆ ಬರೋಣ. ಕೈಗೆ ಗಾಯವಾಗಿ ಕಂಕುಳಿನಲ್ಲಿ ಗಂಟು ಕಟ್ಟುವುದು ತೋಟದ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣದ ಮುಳ್ಳು, ಕಳೆ ಕತ್ತಿಯ ತರಚು ಗಾಯ, ಕೆರೆದು ಹುಣ್ಣು ಮಾಡಿಕೊಂಡ ಜಿಗಣೆ ಕಡಿತ, ಉಗುರುಸುತ್ತು, ಇವುಗಳಲ್ಲಿ ಯಾವುದರ ಮೂಲಕ ಬೇಕಾದರೂ ಸ್ಟ್ಯಾಫಿಲೊಕಾಕಸ್ ಅಥವಾ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಒಳಹೊಕ್ಕು ಗ್ರಂಥಿಯವರೆಗೆ ಬರಬಹುದು. ಗಾಯದಿಂದ ಮೊಣಕೈಯತ್ತ ಚರ್ಮದ ಮೇಲೆ ಕೆಂಪು ಗೆರೆ ಏರುತ್ತಿದ್ದರೆ ಸೋಂಕು ದುಗ್ಧನಾಳದಲ್ಲಿ ಮೇಲೇರುತ್ತಿದೆ ಎಂದರ್ಥ, ಅಂಥವರು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆದರೆ ಈ ಬಗೆಯ ಸೋಂಕು ಸಾಮಾನ್ಯವಾಗಿ ಗಾಯವಾದ ಎರಡು ಮೂರು ದಿನಗಳಲ್ಲೇ ತಲೆಯೆತ್ತುತ್ತದೆ, ಬೆರಳು ಊದಿ ನೋಯುತ್ತಿರುತ್ತದೆ. ನೀವು ಬೆರಳಿನ ನೋವಿನ ಬಗ್ಗೆ ಏನೂ ಬರೆದಿಲ್ಲ, ಮುಳ್ಳು ಚುಚ್ಚಿ ಎಂಟು ದಿನದ ಮೇಲೆ ಜ್ವರ ಶುರುವಾಗಿದೆ. ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಬೆರಳನ್ನು ಒತ್ತಿ ನೋಡಿ. ನೋವೂ ಇಲ್ಲ, ಊತವೂ ಇಲ್ಲ ಎಂದಾದರೆ ಮುಳ್ಳಿನ ಮೇಲಿನ ಅನುಮಾನವನ್ನು ನಾನು ಕಡಿಮೆ ಮಾಡುತ್ತೇನೆ. ಮುಳ್ಳು ಚುಚ್ಚಿದ್ದಕ್ಕೆ ಅದೇ ತೋಳಿಗೆ ಟಿ.ಟಿ. ಚುಚ್ಚುಮದ್ದು ಹಾಕಿಸಿಕೊಂಡಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಲಸಿಕೆಯ ನಂತರ ಆ ಬದಿಯ ಗ್ರಂಥಿ ಕೆಲವು ದಿನ ಊದುವುದುಂಟು, ಆದರೆ ಅದು ಆರು ದಿನ 102 ಡಿಗ್ರಿ ಜ್ವರ ತರುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಮುಳ್ಳಿಗಿಂತ ಹೆಚ್ಚಾಗಿ ಆ ಮುಳ್ಳು ಚುಚ್ಚಿದ ಜಾಗ. ಮಳೆಗಾಲ ಮುಗಿದ ಮೇಲೆ, ತೋಡಿನ ಬದಿಯ ತೇವದ ಹುಲ್ಲು-ಪೊದೆಗಳಲ್ಲಿ ಕೆಲಸ, ಅದಾಗಿ ಎಂಟನೇ ದಿನಕ್ಕೆ ಜ್ವರ, ತಲೆನೋವು, ಮೈಕೈ ನೋವು, ಅಮಾಕ್ಸಿಸಿಲಿನ್‌ಗೆ ಜಗ್ಗದ ಜ್ವರ, ಗ್ರಂಥಿ ಊತ. ಇಷ್ಟೂ ಒಟ್ಟಿಗೆ ಸೇರಿದಾಗ ಪಶ್ಚಿಮ ಘಟ್ಟದ ಯಾವ ವೈದ್ಯರೂ ಸ್ಕ್ರಬ್ ಟೈಫಸ್ ಇದೆಯೇ ಎಂದು ನೋಡದೆ ರೋಗಿಯನ್ನು ಮನೆಗೆ ಕಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಸರಿನಲ್ಲಿ ಟೈಫಸ್ ಎಂದಿದ್ದರೂ ಇದಕ್ಕೂ ನೀರಿನಿಂದ ಬರುವ ಟೈಫಾಯ್ಡಿಗೂ ಸಂಬಂಧವಿಲ್ಲ. ಓರಿಯೆನ್ಷಿಯಾ ಸುಟ್ಸುಗಾಮುಶಿ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಹುಲ್ಲು ಪೊದೆಗಳಲ್ಲಿರುವ ಒಂದು ಜಾತಿಯ ನುಸಿಯ ಮರಿಗಳು ಕಚ್ಚಿದಾಗ ಅದು ಮೈಗೆ ಸೇರುತ್ತದೆ. ಈ ಮರಿಗಳು ಬರಿಗಣ್ಣಿಗೆ ಕಾಣುವುದೇ ಕಷ್ಟ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಇಲಿ, ಹೆಗ್ಗಣಗಳಿರುವ ಕಡೆ ಇವೂ ಇರುತ್ತವೆ. ಕಚ್ಚಿದ ಮೇಲೆ ಆರರಿಂದ ಇಪ್ಪತ್ತೊಂದು ದಿನಗಳೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ. ನಿಮ್ಮ ಲೆಕ್ಕ ಅದರೊಳಗೇ ಬರುತ್ತದೆ.

ಈ ರೋಗದ ಒಂದು ಗುರುತಿಗಾಗಿಯೇ ನಾನು ಅಷ್ಟು ವಿವರವಾಗಿ ಮೈ ನೋಡಿಕೊಳ್ಳಲು ಹೇಳಿದ್ದು. ನುಸಿ ಕಚ್ಚಿದ ಜಾಗದಲ್ಲಿ ಮೊದಲು ಸಣ್ಣ ಕೆಂಪು ಗುಳ್ಳೆ ಏಳುತ್ತದೆ. ಕೆಲವು ದಿನಗಳಲ್ಲಿ ಅದರ ನಡುಭಾಗ ಸತ್ತು ಕಪ್ಪು ಹೊಪ್ಪಳೆ ಕಟ್ಟಿ, ಸುತ್ತ ಕೆಂಪು ಅಂಚು ಉಳಿಯುತ್ತದೆ. ಸಿಗರೇಟಿನ ತುದಿ ತಾಗಿ ಸುಟ್ಟ ಗುರುತಿನಂತೆ ಕಾಣುವ ಇದು ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನಷ್ಟು ಅಗಲವಿರುತ್ತದೆ, ನೋವೂ ಇಲ್ಲ, ತುರಿಕೆಯೂ ಇಲ್ಲ. ಆದ್ದರಿಂದಲೇ ರೋಗಿಗೆ ಅದು ಇರುವುದು ತಿಳಿದಿರುವುದಿಲ್ಲ. ಕಂಕುಳು, ಸ್ತನದ ಕೆಳಗೆ, ತೊಡೆಸಂದು, ಲಾಡಿ ಕಟ್ಟುವ ಜಾಗ, ಹೀಗೆ ಬಟ್ಟೆ ಬಿಗಿಯುವ, ಬೆವರುವ ಮಡಿಕೆಗಳಲ್ಲೇ ಅದು ಹೆಚ್ಚಾಗಿ ಇರುತ್ತದೆ. ಬೆವರು ಜಾಸ್ತಿ ಇರುವ ಮಡಿಕೆಯಲ್ಲಾದರೆ ಕಪ್ಪು ಹೊಪ್ಪಳೆ ಒಣಗದೆ ಬರೀ ತೇವದ ಹಳದಿ ಹುಣ್ಣಿನಂತೆಯೂ ಕಾಣಬಹುದು, ಗಮನವಿರಲಿ. ಗುರುತು ಇರುವ ಜಾಗದ ಹತ್ತಿರದ ಗ್ರಂಥಿ ಊದುತ್ತದೆ. ಹೀಗಾಗಿ ಕಂಕುಳಿನಲ್ಲಿ ಗಂಟು ಇರುವವರ ಕಂಕುಳಿನ ಮಡಿಕೆಯಲ್ಲೋ ಸ್ತನದ ಅಡಿಯಲ್ಲೋ ಅಂಥ ಗುರುತು ಸಿಕ್ಕರೆ ರೋಗನಿರ್ಣಯದ ಬಹುಪಾಲು ಕೆಲಸ ಅಲ್ಲಿಗೇ ಮುಗಿದಂತೆ. ಸಿಗಲಿಲ್ಲ ಎಂದ ಮಾತ್ರಕ್ಕೆ ರೋಗವಿಲ್ಲ ಎಂದೂ ಅಲ್ಲ, ಏಕೆಂದರೆ ಎಲ್ಲ ರೋಗಿಗಳಲ್ಲೂ ಈ ಗುರುತು ಇರುವುದಿಲ್ಲ. ಮಹಿಳಾ ರೋಗಿಗಳಲ್ಲಿ ಇದು ತಪ್ಪಿಹೋಗಲು ಒಂದು ದೊಡ್ಡ ಕಾರಣ ಸಂಕೋಚ. ವೈದ್ಯರೂ ಕೇಳುವುದಿಲ್ಲ, ರೋಗಿಯೂ ಹೇಳುವುದಿಲ್ಲ. ನಾಳೆ ನೀವೇ ಮುಂದಾಗಿ ಹೇಳಿ. ಬೇಕಿದ್ದರೆ ಮಹಿಳಾ ವೈದ್ಯರನ್ನೋ ಶುಶ್ರೂಷಕಿಯನ್ನೋ ಕರೆಯಲು ಕೇಳಿ.

ಅಮಾಕ್ಸಿಸಿಲಿನ್ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೂ ಇಲ್ಲಿ ಉತ್ತರ ಸಿಗಬಹುದು. ಆ ಗುಂಪಿನ ಔಷಧಗಳು ಬ್ಯಾಕ್ಟೀರಿಯಾದ ಹೊರಗೋಡೆಯ ಮೇಲೆ ಕೆಲಸ ಮಾಡುತ್ತವೆ. ಸ್ಕ್ರಬ್ ಟೈಫಸ್‌ನ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೇ ಅಡಗಿ ಬೆಳೆಯುವಂಥದು, ಅದರ ಗೋಡೆಯ ರಚನೆಯೂ ಬೇರೆ. ಹಾಗಾಗಿ ಅಮಾಕ್ಸಿಸಿಲಿನ್ ಆಗಲಿ, ಅದಕ್ಕಿಂತ ದುಬಾರಿಯಾದ ಸೆಫಲೊಸ್ಪೊರಿನ್ ಚುಚ್ಚುಮದ್ದುಗಳಾಗಲಿ ಅದರ ಮೇಲೆ ಪರಿಣಾಮ ಬೀರುವುದಿಲ್ಲ. ಬೇಕಾದದ್ದು ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್, ಎರಡೂ ಹಳೆಯ, ಕಡಿಮೆ ಬೆಲೆಯ ಔಷಧಗಳು. ಸಕಾಲದಲ್ಲಿ ಶುರುವಾದರೆ ಹೆಚ್ಚಿನವರಲ್ಲಿ ಎರಡು ದಿನದೊಳಗೆ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ವೈದ್ಯರು ತಮ್ಮ ಅನುಮಾನವನ್ನೇ ಮತ್ತೊಮ್ಮೆ ಪರಿಶೀಲಿಸುತ್ತಾರೆ. ತಡವಾದರೆ ಎರಡನೇ ವಾರದಲ್ಲಿ ಶ್ವಾಸಕೋಶ, ಮೂತ್ರಪಿಂಡ, ಯಕೃತ್ತು, ಮೆದುಳುಗಳಿಗೆ ತೊಂದರೆಯಾಗಿ ಜೀವಕ್ಕೇ ಅಪಾಯವಾಗಬಹುದು. ನೀವು ಈಗ ಮೊದಲ ವಾರದ ಕೊನೆಯಲ್ಲಿದ್ದೀರಿ, ನಾನು ಅವಸರ ಮಾಡುತ್ತಿರುವುದು ಅದಕ್ಕೇ. ಇದನ್ನು ಓದಿ ಡಾಕ್ಸಿಸೈಕ್ಲಿನ್ ಅನ್ನು ಅಂಗಡಿಯಿಂದ ತರಿಸಿಕೊಳ್ಳಬೇಡಿ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ, ಉಳಿದ ಪರೀಕ್ಷೆಗಳಿಗೆ ರಕ್ತ ತೆಗೆಯುವುದೂ ಬಾಕಿ ಇದೆ.

ಪರೀಕ್ಷೆಯ ವಿಚಾರದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಸ್ಕ್ರಬ್ ಟೈಫಸ್‌ಗೆ ಮಾಡುವ ಐಜಿಎಂ ಎಲೈಸಾ ಪರೀಕ್ಷೆ ಜ್ವರದ ಮೊದಲ ಐದಾರು ದಿನಗಳಲ್ಲಿ ನೆಗೆಟಿವ್ ಬರಬಹುದು, ಏಕೆಂದರೆ ಅದು ಹುಡುಕುವ ಪ್ರತಿಕಾಯಗಳು ಆಗಿನ್ನೂ ಸಾಕಷ್ಟು ಬೆಳೆದಿರುವುದಿಲ್ಲ. ಹಳೆಯ ವೀಲ್-ಫೆಲಿಕ್ಸ್ ಪರೀಕ್ಷೆ ಇನ್ನೂ ಹಲವೆಡೆ ನಡೆಯುತ್ತದೆ, ಅದರ ನೆಗೆಟಿವ್ ಫಲಿತಾಂಶವನ್ನು ನಂಬುವುದು ಇನ್ನೂ ಕಷ್ಟ. ಆದ್ದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗಸೂಚಿ, ಲಕ್ಷಣಗಳಿಂದ ಬಲವಾದ ಅನುಮಾನ ಬಂದರೆ ವರದಿಗಾಗಿ ಕಾಯದೆ ಚಿಕಿತ್ಸೆ ಆರಂಭಿಸಲು ಹೇಳುತ್ತದೆ. ಒಂದು ನೆಗೆಟಿವ್ ವರದಿ ಹಿಡಿದುಕೊಂಡು ಮನೆಗೆ ಬಂದು, ಜ್ವರ ಮುಂದುವರಿದರೂ ಸುಮ್ಮನಿರಬೇಡಿ.

ಮಂಗನ ಕಾಯಿಲೆಯನ್ನೂ ಇಲ್ಲಿ ಹೇಳಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಇದು ಉಣ್ಣೆಗಳಿಂದ ಹರಡುವ ವೈರಸ್ ರೋಗ. 2015ರಲ್ಲಿ ನಮ್ಮ ಗಡಿಗೆ ತಾಗಿಕೊಂಡಿರುವ ವಯನಾಡಿನಲ್ಲೂ ಇದು ದೊಡ್ಡದಾಗಿ ಕಾಣಿಸಿಕೊಂಡಿತ್ತು. ಇದರಲ್ಲೂ ದಿಢೀರ್ ಜ್ವರ, ಸಹಿಸಲಾಗದ ತಲೆನೋವು, ಸೊಂಟ-ಕಾಲುಗಳ ನೋವು, ಕೆಂಪಾದ ಕಣ್ಣು, ಕತ್ತಿನ ಮತ್ತು ಕಂಕುಳಿನ ಗ್ರಂಥಿಗಳ ಊತ ಇರುತ್ತವೆ. ಆದರೆ ಒಂದೇ ಬದಿಯಲ್ಲಿ ನೋಯುವ ಒಂಟಿ ಗಂಟು ಅದರ ಸ್ವಭಾವವಲ್ಲ, ಅದರ ಕಾಲವೂ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಆದರೂ ಸುತ್ತಮುತ್ತ ಮಂಗಗಳು ಸತ್ತದ್ದು ಕಂಡಿದ್ದರೆ ಅಥವಾ ಮೈಮೇಲಿಂದ ಉಣ್ಣೆ ಕಿತ್ತಿದ್ದರೆ ಅದನ್ನು ಹೇಳಲು ಮರೆಯಬೇಡಿ. ಡೆಂಗ್ಯೂ ಮತ್ತು ಇಲಿಜ್ವರಗಳೂ ಈ ಕಾಲದವೇ. ರಕ್ತಪರೀಕ್ಷೆಯಲ್ಲಿ ಅವನ್ನು ನೋಡುವುದು ರೂಢಿ, ಆದರೆ ಇವೆರಡೂ ಕಂಕುಳಿನಲ್ಲಿ ಮಾತ್ರ ಅಡಿಕೆ ಗಾತ್ರದ ಗಂಟು ಎಬ್ಬಿಸುವುದು ಅಪರೂಪ.

ಬೆಕ್ಕಿನ ಮರಿಗಳ ಬಗ್ಗೆ ನೀವು ಬರೆದದ್ದು ಒಳ್ಳೆಯದಾಯಿತು. ಬಾರ್ಟೊನೆಲ್ಲಾ ಹೆನ್ಸೆಲೇ ಎಂಬ ಬ್ಯಾಕ್ಟೀರಿಯಾ ಬೆಕ್ಕಿನ ಚಿಗಟಗಳ ಮೂಲಕ ಬೆಕ್ಕುಗಳಲ್ಲಿ ಹರಡಿ, ಅವುಗಳ ಉಗುರಿನ ಗೀರಿನಿಂದ ಮನುಷ್ಯರಿಗೆ ಬರುತ್ತದೆ. ದೊಡ್ಡ ಬೆಕ್ಕಿಗಿಂತ ಮರಿಗಳಿಂದಲೇ ಬರುವುದು ಹೆಚ್ಚು. ಗೀರಿದ ಕೆಲವು ದಿನಗಳಲ್ಲಿ ಅಲ್ಲಿ ಸಣ್ಣ ಗುಳ್ಳೆ, ಒಂದರಿಂದ ಮೂರು ವಾರದಲ್ಲಿ ಆ ಬದಿಯ ಗ್ರಂಥಿಯ ಊತ, ಅದರೊಡನೆ ಸ್ವಲ್ಪ ಜ್ವರ, ಸುಸ್ತು. ಕೈಗೆ ಗೀರುವುದರಿಂದ ಊದುವುದು ಹೆಚ್ಚಾಗಿ ಕಂಕುಳಿನ ಗ್ರಂಥಿಯೇ. ಆರೋಗ್ಯವಂತರಲ್ಲಿ ಇದು ಎರಡು ಮೂರು ತಿಂಗಳಲ್ಲಿ ತಾನಾಗಿ ಗುಣವಾಗುತ್ತದೆ, ಅಜಿತ್ರೊಮೈಸಿನ್ ಕೊಟ್ಟರೆ ಗಂಟು ಬೇಗ ಕರಗುತ್ತದೆ. ನಿಮ್ಮ ಕೈಮೇಲೆ ಗೀರಿನ ಗುರುತು ಇದ್ದರೆ ಈ ಸಾಧ್ಯತೆ ಸ್ಕ್ರಬ್ ಟೈಫಸ್‌ನ ನಂತರದ ಸ್ಥಾನಕ್ಕೆ ಬರುತ್ತದೆ. ಇಷ್ಟು ತೀವ್ರವಾದ ಜ್ವರ ಮತ್ತು ಮೈಕೈ ನೋವು ಇದರಲ್ಲಿ ಸಾಮಾನ್ಯವಲ್ಲ. ಮರಿಗಳನ್ನು ಎಲ್ಲಿಗೋ ಬಿಟ್ಟುಬರುವ ಅಗತ್ಯವೇನೂ ಇಲ್ಲ, ಚಿಗಟ ಹೋಗುವಂತೆ ಪಶುವೈದ್ಯರಿಂದ ಔಷಧಿ ಹಾಕಿಸಿ.

ಕ್ಷಯ ನಮ್ಮ ದೇಶದಲ್ಲಿ ಯಾವ ಗ್ರಂಥಿ ಊತದ ಸಂದರ್ಭದಲ್ಲೂ ಪಟ್ಟಿಯಿಂದ ಬಿಡುವಂತಿಲ್ಲ. ಶ್ವಾಸಕೋಶದ ಹೊರಗೆ ಕ್ಷಯ ಕಾಣಿಸಿಕೊಳ್ಳುವ ಜಾಗಗಳಲ್ಲಿ ಗ್ರಂಥಿಗಳಿಗೆ ದೊಡ್ಡ ಪಾಲು. ಕತ್ತಿನಲ್ಲಿ ಹೆಚ್ಚು, ಕಂಕುಳಿನಲ್ಲೂ ಉಂಟು. ಆದರೆ ಅದರ ನಡೆ ನಿಧಾನದ್ದು. ವಾರಗಳಿಂದ ತಿಂಗಳುಗಳವರೆಗೆ ಬೆಳೆಯುವ, ಹೆಚ್ಚು ನೋವಿಲ್ಲದ, ಒಂದಕ್ಕೊಂದು ಅಂಟಿಕೊಂಡ ಗಂಟುಗಳು. ಸಂಜೆ ಹೊತ್ತಿಗೆ ಏರುವ ಸಣ್ಣ ಜ್ವರ. ಹಸಿವು ಕಡಿಮೆಯಾಗಿ ತೂಕ ಇಳಿಯುವುದು. ನಾಲ್ಕು ದಿನದ ಗಂಟಿಗೆ ಇದು ಹೊಂದುವುದಿಲ್ಲ. ಆದರೆ ಜ್ವರ ಹೋದ ನಂತರವೂ ಗಂಟು ನಾಲ್ಕಾರು ವಾರ ಹಾಗೇ ಉಳಿದರೆ ಸೂಜಿಯಿಂದ ಗಂಟಿನ ಅಂಶ ತೆಗೆದು ಪರೀಕ್ಷಿಸುವ ಎಫ್‌ಎನ್‌ಎಸಿ ಮತ್ತು ಕ್ಷಯದ ಸಿಬಿನಾಟ್ ಪರೀಕ್ಷೆ ಮಾಡಿಸಬೇಕು. ಅದು ಕ್ಷಯವೇ ಎಂದು ಖಚಿತವಾದರೂ ಸಾಮಾನ್ಯವಾಗಿ ಆರು ತಿಂಗಳ ಔಷಧದಲ್ಲಿ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ, 2024ರ ನವೆಂಬರಿನಿಂದ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ 1,000 ರೂಪಾಯಿ ನೆರವೂ ಇದೆ.

ಈಗ ನಿಮ್ಮ ಭಯದ ವಿಚಾರ. ಸ್ತನ ಕ್ಯಾನ್ಸರ್ ಕಂಕುಳಿನ ಗ್ರಂಥಿಗೆ ಹರಡಿದಾಗ ಆ ಗಂಟು ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ, ನೋವಿರುವುದಿಲ್ಲ, ಮೆಲ್ಲಗೆ ಬೆಳೆಯುತ್ತದೆ, ಜ್ವರ ತರುವುದಿಲ್ಲ. ನಾಲ್ಕೇ ದಿನದಲ್ಲಿ ಅಡಿಕೆ ಗಾತ್ರಕ್ಕೆ ಬೆಳೆದು ಮುಟ್ಟಿದರೆ ನೋಯುವುದು, ಜೊತೆಗೆ ಜ್ವರ ಇರುವುದು ಸೋಂಕಿನ ಲಕ್ಷಣ. ಇಷ್ಟಾದರೂ ನಿಮ್ಮ ವಯಸ್ಸು ಮತ್ತು ಚಿಕ್ಕಮ್ಮನ ಕಾಯಿಲೆಯ ಕಾರಣದಿಂದ, ಈ ಜ್ವರ ವಾಸಿಯಾದ ಮೇಲೆ ಒಮ್ಮೆ ಎರಡೂ ಸ್ತನಗಳ ಪರೀಕ್ಷೆ ಮತ್ತು ಮ್ಯಾಮೊಗ್ರಾಂ ಮಾಡಿಸಿಕೊಳ್ಳಿ. ಇದನ್ನು ಈ ಗಂಟಿಗಾಗಿ ಹೇಳುತ್ತಿಲ್ಲ, ಹೇಗೂ ಮಾಡಿಸಬೇಕಾದ ಕೆಲಸವೆಂದು ಹೇಳುತ್ತಿದ್ದೇನೆ. ಸ್ತನದಲ್ಲೇ ಕೆಂಪು, ಬಿಸಿ, ಗಟ್ಟಿತನ ಇದ್ದರೆ ಮಾತ್ರ ತಡಮಾಡಬಾರದು. ಹಾಲೂಡಿಸುತ್ತಿರುವ ತಾಯಂದಿರಲ್ಲಿ ಅದು ಸಾಮಾನ್ಯವಾಗಿ ಸ್ತನದ ಬಾವು. ಹಾಲೂಡಿಸದವರಲ್ಲಿ ಹಾಗಾಗಿ, ಔಷಧಕ್ಕೆ ಬಗ್ಗದಿದ್ದರೆ ಇನ್ನೂ ಆಳವಾಗಿ ಪರೀಕ್ಷಿಸಬೇಕಾಗುತ್ತದೆ. ಜ್ವರ ತರುವ ಕ್ಯಾನ್ಸರ್ ಎಂದರೆ ಗ್ರಂಥಿಗಳದ್ದೇ ಆದ ಲಿಂಫೋಮಾ. ಅದರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ನೋವಿಲ್ಲದ, ರಬ್ಬರಿನಷ್ಟು ಗಟ್ಟಿಯಾದ ಗಂಟುಗಳು, ವಾರಗಟ್ಟಲೆ ಬಂದುಹೋಗುವ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಆರು ತಿಂಗಳಲ್ಲಿ ದೇಹತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಕೆ, ಇವು ಗಮನಿಸಬೇಕಾದವು.

ಎಚ್‌ಐವಿ, ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ), ಹಸಿ ಹಾಲಿನಿಂದ ಬರುವ ಬ್ರೂಸೆಲ್ಲಾ ಜ್ವರ ಇತ್ಯಾದಿಗಳೂ ಗ್ರಂಥಿ ಊತಕ್ಕೆ ಕಾರಣವಾಗುತ್ತವೆ. ಮೊದಲ ಸುತ್ತಿನ ಪರೀಕ್ಷೆಗಳಲ್ಲಿ ಕಾರಣ ಸಿಗದಿದ್ದರೆ ವೈದ್ಯರು ಅವುಗಳತ್ತ ನೋಡುತ್ತಾರೆ. ಹಿರಿಯರು ಇಂಥ ಗಂಟನ್ನು ಕಂಡಾಗ ಪ್ಲೇಗಿನ ಗಡ್ಡೆಯ ಮಾತು ತೆಗೆಯುವುದುಂಟು. 1898ರಲ್ಲಿ ಬೆಂಗಳೂರನ್ನು ಕಂಗೆಡಿಸಿದ ಆ ರೋಗದ ನೆನಪು ಊರೂರುಗಳ ಪ್ಲೇಗಮ್ಮನ ಗುಡಿಗಳಲ್ಲಿ ಉಳಿದಿದೆಯೇ ಹೊರತು, ಇಂದು ನಿಮ್ಮ ಗಂಟಿಗೆ ಅದು ಕಾರಣವೆಂದು ಹೆದರಬೇಕಿಲ್ಲ.

ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮೊದಲು ರಕ್ತಕಣಗಳ ಪೂರ್ಣ ಎಣಿಕೆ, ಸಕ್ಕರೆ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ಡೆಂಗ್ಯೂ, ಮಲೇರಿಯಾ, ಸ್ಕ್ರಬ್ ಟೈಫಸ್, ಇಲಿಜ್ವರದ ಪರೀಕ್ಷೆಗಳನ್ನು ಮಾಡುತ್ತಾರೆ. ಬಿಳಿ ರಕ್ತಕಣ ಬಹಳ ಏರಿದ್ದರೆ ಕೀವಿನ ಸೋಂಕಿನ ಕಡೆಗೆ, ಪ್ಲೇಟ್‌ಲೆಟ್ ಇಳಿದು ಯಕೃತ್ತಿನ ಕಿಣ್ವಗಳು ಏರಿದ್ದರೆ ಸ್ಕ್ರಬ್ ಟೈಫಸ್ ಅಥವಾ ಡೆಂಗ್ಯೂ ಕಡೆಗೆ ಅನುಮಾನ ವಾಲುತ್ತದೆ. ಗಂಟಿನೊಳಗೆ ಕೀವು ತುಂಬಿದೆಯೇ ಎಂದು ತಿಳಿಯಲು ಅಲ್ಟ್ರಾಸೌಂಡ್ ಸಾಕು. ತುಂಬಿದ್ದರೆ ಬರೀ ಮಾತ್ರೆಯಿಂದ ಗುಣವಾಗದು, ಕೀವು ತೆಗೆಯಬೇಕಾಗುತ್ತದೆ. ನಾಪೋಕ್ಲಿನಲ್ಲಿ ಈ ಎಲ್ಲವೂ ಒಂದೇ ಕಡೆ ಆಗದಿದ್ದರೆ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೆ ನೇರವಾಗಿ ಹೋಗುವುದು ಒಳ್ಳೆಯದು. ತೋಡಿನ ಬದಿಯಲ್ಲಿ ಕೆಲಸ ಮಾಡಿದ ದಿನ, ಜ್ವರ ಶುರುವಾದ ದಿನ, ಗಂಟು ಕಂಡ ದಿನ, ನುಂಗಿದ ಮಾತ್ರೆಯ ಹೆಸರು, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಾತ್ರೆಯ ಖಾಲಿ ಪಟ್ಟಿಯನ್ನೂ ಒಯ್ಯಿರಿ.

ಅತ್ತೆಯವರ ಕಾಳಜಿ ದೊಡ್ಡದು. ಆದರೆ ಸುಣ್ಣ ಕಂಕುಳಿನ ತೆಳು ಚರ್ಮವನ್ನು ಸುಡುತ್ತದೆ. ಸುಟ್ಟ ಗಾಯವೂ ಹೊಪ್ಪಳೆಯ ಗುರುತೂ ಬೆರೆತರೆ ವೈದ್ಯರಿಗೆ ಏನೂ ತಿಳಿಯದಂತಾಗುತ್ತದೆ. ನೋವಿಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಸಾಕು. ಗಂಟನ್ನು ಹಿಸುಕುವುದು, ತಿಕ್ಕುವುದು ಬೇಡ. ಬೇಗ ಗುಣವಾಗಲೆಂದು ಸ್ಟೀರಾಯ್ಡ್ ಬೆರೆತ ಚುಚ್ಚುಮದ್ದು ಹಾಕಿಸಿಕೊಳ್ಳಬೇಡಿ. ಅದರಿಂದ ಎರಡು ದಿನ ಆರಾಮ ಎನಿಸಿದರೂ ಸೋಂಕು ಒಳಗೊಳಗೇ ಹೆಚ್ಚಬಹುದು, ಕ್ಷಯ ಅಥವಾ ಲಿಂಫೋಮಾ ಇದ್ದರೆ ಅದರ ಗುರುತು ಮರೆಯಾಗುತ್ತದೆ. ಕಾರಣ ಗೊತ್ತಾಗದೆ ಲಿವೊಫ್ಲಾಕ್ಸಾಸಿನ್‌ನಂಥ ಮಾತ್ರೆ ನುಂಗುವುದೂ ಕ್ಷಯವನ್ನು ತಾತ್ಕಾಲಿಕವಾಗಿ ಅಡಗಿಸುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಇರಲಿ. ಡೆಂಗ್ಯೂ ಅಲ್ಲವೆಂದು ಖಚಿತವಾಗುವವರೆಗೆ ಬ್ರೂಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡವೇ ಬೇಡ.

ಉಸಿರಾಡಲು ಕಷ್ಟ, ಮಾತಿನಲ್ಲಿ ಗೊಂದಲ ಅಥವಾ ಅತಿಯಾದ ಮಂಪರು, ಮೂತ್ರ ಕಡಿಮೆಯಾಗುವುದು, ನಿಂತರೆ ಕಣ್ಣು ಕತ್ತಲೆ ಬರುವುದು, ಕಣ್ಣು ಹಳದಿಯಾಗುವುದು, ಎಲ್ಲಿಂದಲಾದರೂ ರಕ್ತಸ್ರಾವ, ತೋಳು ಪೂರ್ತಿ ಊದುವುದು, ಕಾಣುವ ಊತಕ್ಕಿಂತ ಬಹಳ ಹೆಚ್ಚಿನ ನೋವು, ಇವುಗಳಲ್ಲಿ ಒಂದಿದ್ದರೂ ಬೆಳಗಾಗುವವರೆಗೆ ಕಾಯಬೇಡಿ, ರಾತ್ರಿಯೇ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆ ಇರುವವರು ಮತ್ತು ಗರ್ಭಿಣಿಯರು ಇವಾವೂ ಇಲ್ಲದಿದ್ದರೂ ತಡಮಾಡಬಾರದು.

ಚಿಕಿತ್ಸೆಯಿಂದ ಜ್ವರ ಇಳಿದ ಮೇಲೂ ಗಂಟು ಎರಡು ಮೂರು ವಾರ ಉಳಿಯುವುದು ಸಹಜ. ಅದು ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿದ್ದರೆ ಸಾಕು. ದಿನವೂ ಮುಟ್ಟಿ ನೋಡದೆ ವಾರಕ್ಕೊಮ್ಮೆ ನೋಡಿ. ನಾಲ್ಕು ವಾರವಾದರೂ ಕರಗದಿದ್ದರೆ, ಎರಡು ಸೆಂಟಿಮೀಟರಿಗಿಂತ ದೊಡ್ಡದಾಗಿಯೇ ಉಳಿದರೆ, ಗಟ್ಟಿಯಾಗುತ್ತ ಹೋದರೆ ಅಥವಾ ಕತ್ತಿನ ಬುಡದಲ್ಲಿ, ಕೊರಳೆಲುಬಿನ ಮೇಲೆ ಇನ್ನೊಂದು ಗಂಟು ಕಂಡರೆ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಲಿಂಫೋಮಾದ ಅನುಮಾನವಿದ್ದಾಗ ಸೂಜಿ ಪರೀಕ್ಷೆಗಿಂತ ಗ್ರಂಥಿಯನ್ನೇ ತೆಗೆದು ಪರೀಕ್ಷಿಸುವುದು ಹೆಚ್ಚು ಖಚಿತ.

ಮನೆಯವರಿಗೆ ಅಂಟುತ್ತದೆಯೇ ಎಂದು ಕೇಳಿದ್ದೀರಿ. ಸ್ಕ್ರಬ್ ಟೈಫಸ್ ಆಗಲಿ, ಬೆಕ್ಕಿನ ಗೀರಿನ ಜ್ವರವಾಗಲಿ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ನೀವು ಅಡುಗೆ ಮಾಡಬಹುದು, ಮಕ್ಕಳ ಜೊತೆ ಮಲಗಬಹುದು, ಬಟ್ಟೆ ಪಾತ್ರೆ ಬೇರೆಯಿಡುವ ಅಗತ್ಯವಿಲ್ಲ. ಕುರುವಿನ ಕೀವು ಸೋರುತ್ತಿದ್ದರೆ ಮಾತ್ರ ಟವೆಲ್ಲು ಬೇರೆ ಇರಲಿ. ಆದರೆ ಅಂದು ಅದೇ ತೋಡಿನ ಬದಿಯಲ್ಲಿ ನಿಮ್ಮ ಜೊತೆ ಕೆಲಸ ಮಾಡಿದವರೂ ಅದೇ ಹುಲ್ಲಿನಲ್ಲಿ ಓಡಾಡಿದ್ದಾರೆ. ಕೆಲಸದವರು ಇರುವ ಲೈನ್ ಮನೆಯಲ್ಲಿ ಯಾರಿಗಾದರೂ ಜ್ವರವಿದೆಯೇ ಎಂದು ಇಂದೇ ವಿಚಾರಿಸಿ, ಇದ್ದರೆ ನಾಳೆ ನಿಮ್ಮ ಜೊತೆಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಳಿದ ಕಳೆ ತೆಗೆಸುವುದಿದ್ದರೆ ಎಲ್ಲರೂ ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಬೂಟು ಹಾಕಿಕೊಳ್ಳಲಿ, ಕೀಟಗಳನ್ನು ದೂರವಿಡುವ ಡೀಟ್ ಎಂಬ ರಾಸಾಯನಿಕ ಇರುವ ಮುಲಾಮು ಹಚ್ಚಿಕೊಳ್ಳಲಿ, ಬುತ್ತಿ ಬಿಚ್ಚಿ ಉಣ್ಣಲು ಹುಲ್ಲಿನ ಮೇಲೆ ನೇರವಾಗಿ ಕೂರದಿರಲಿ. ಕೆಲಸ ಮುಗಿಸಿ ಬಂದಕೂಡಲೇ ಸೋಪು ಹಚ್ಚಿ ಮೈ ಉಜ್ಜಿ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಲಿ.